ಫೇಲಾದವರು ಅಪ್ಪ-ಅವ್ವ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ರಾಯಚೂರು ಕಡೆ ಹುಡುಕಾಟ ಶುರುವಾಗುತ್ತದೆ. ಕಳೆದುಹೋಗಿರುವುದು ಮಾರ್ಕ್ಸು, ಹುಡುಕುವುದು ಕಾರಣ. ಸಭೆ ಸೇರುತ್ತದೆ, ಮಿರ್ಚಿ-ವಗ್ಗರಣಿ ಬರುತ್ತದೆ, ಕಾರಣ ಸಿಗುತ್ತದೆ: ‘ಪಾಲಕರ ನಿರ್ಲಕ್ಷ್ಯ’. ವರ್ಷಾ ವರ್ಷಾ ಅದೇ ಜಾಗದಲ್ಲಿ ಸಿಗುವುದರಿಂದ ಈಗೀಗ ಚಹಾ ಆರುವ ಮೊದಲೇ ಸಿಗುತ್ತಿದೆ. ಹುಡುಗ ಪಾಸಾದರೆ ಶಿಕ್ಷಣ ಇಲಾಖೆಯ ಕ್ರಿಯಾಯೋಜನೆಯ ಫಲ. ಫೇಲಾದರೆ ಅಪ್ಪ-ಅವ್ವ.

ಇದಕ್ಕೆ ವಿದ್ವಾಂಸರ ಬೆಂಬಲವೂ ಉಂಟು. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ತಂಡ ಆರು ಲಕ್ಷದಷ್ಟು ಮಕ್ಕಳ ಕಲಿಕೆಯನ್ನು ಅಳೆದು ನೋಡಿತು. ಶಾಲೆಯ ಕಟ್ಟಡ, ಸಲಕರಣೆಗಿಂತ ಮನೆಯ ಹಿನ್ನೆಲೆಯೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ ಎಂದಿತು. ಒಳ್ಳೆಯ ಮೇಷ್ಟ್ರು ಸಿಕ್ಕರೆ ಹಿಂದುಳಿದ ಮಕ್ಕಳಿಗೇ ಹೆಚ್ಚು ಲಾಭ ಅಂತಲೂ ಅದೇ ವರದಿಯಲ್ಲಿತ್ತು. ಆ ಪುಟದ ಜೆರಾಕ್ಸ್ ಮಾತ್ರ ರಾಯಚೂರಿಗೆ ಬರಲಿಲ್ಲ.

ಈಗ ಶಾಲೆಗಳಿಗೆ ಒಂದು ನಮೂನೆ ಬಂದಿದೆ ಅಂತಿಟ್ಟುಕೊಳ್ಳಿ. ಬಂದಿಲ್ಲದಿದ್ದರೆ ನಾಳೆ ಬರುತ್ತದೆ, ಅವಸರ ಬೇಡ. ‘ತಂದೆಯ ಉದ್ಯೋಗ: ಸರ್ಕಾರಿ / ಖಾಸಗಿ / ಕೃಷಿ / ಇತರೆ’. ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರು ಪೆನ್ನು ಹಿಡಿದು ಕೂತಿದ್ದಾರೆ. ಈ ಹುಡುಗಿಯ ಅಪ್ಪ ಮಳೆ ಬಿದ್ದರೆ ಎರಡೆಕರೆ ತೊಗರಿಯ ರೈತ. ಹಂಗಾಮಿನಲ್ಲಿ ಮಾನ್ವಿ ಕಡೆ ಹತ್ತಿ ಬಿಡಿಸುವ ಕೂಲಿ. ಆಮೇಲೆ ಗಂಡ-ಹೆಂಡತಿ ಇಬ್ಬರೂ ಗುಳೆ, ಬೆಂಗಳೂರಲ್ಲಿ ಗಾರೆ ಕೆಲಸ. ಮೇಷ್ಟ್ರು ಯೋಚಿಸಿ ‘ಇತರೆ’ಗೆ ಟಿಕ್ ಹಾಕಿದರು. ಮುಂದಿನ ಮನೆಯೂ ಇತರೆ. ಸಂಜೆ ಹೊತ್ತಿಗೆ ಇಡೀ ಊರೇ ಇತರೆ!

‘ಕುಟುಂಬದ ಸ್ವರೂಪ: ವಿಭಕ್ತ / ಅವಿಭಕ್ತ’. ಇದು ಇನ್ನೂ ಕಷ್ಟ. ರೇಷನ್ ಕಾರ್ಡ್ ನೋಡಿದರೆ ಅತ್ತೆ ಬೇರೆ, ಸೊಸೆ ಬೇರೆ. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಯಜಮಾನಿ ಯಾರು ಅನ್ನೋದಕ್ಕೆ ತಿಂಗಳಿಗೆ 2,000 ರೂಪಾಯಿ ಬೆಲೆ ಇದೆಯಲ್ಲ! ಒಲೆ ನೋಡಿದರೆ ಒಂದೇ. ಗುಳೆ ಹೊರಟ ಮೇಲೆ ಆ ಒಲೆ ಮುಂದೆ ಉಳಿಯುವುದು ಅಜ್ಜಿ ಮತ್ತು ಹತ್ತನೇ ಕ್ಲಾಸಿನ ಮೊಮ್ಮಗಳು. ರೊಟ್ಟಿ ಬಡಿಯುವವಳು ಮೊಮ್ಮಗಳು, ಏಕೆಂದರೆ ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ. ‘ಓದಲು ಪ್ರತ್ಯೇಕ ಕೋಣೆ ಇದೆಯೇ?’ ಎಂದು ಮುಂದಿನ ಕಾಲಂ ಕೇಳುತ್ತದೆ. ಮನೆಯೇ ಒಂದು ಕೋಣೆ, ಅದರಲ್ಲಿ ಯಾವುದರಿಂದ ಪ್ರತ್ಯೇಕ ಮಾಡುವುದು?

ಇನ್ನು ನಸುಕಿನ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಯೋಜನೆ. ಶಾಲೆಯ ದಾಖಲೆಯಲ್ಲಿರುವುದು ಅಪ್ಪನ ನಂಬರು. ಫೋನ್ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಹೊಡೆದುಕೊಳ್ಳುತ್ತದೆ.

‘ಏನವ್ವ, ಎದ್ದೀಯೇನು?’

‘ಎದ್ದೀನ್ರೀ ಸರ, ಸಿಮೆಂಟ್ ಲಾರಿ ಬಂದದ, ಇಳಸಾಕ ಹೊಂಟೀನಿ’ ಎಂದು ಗಂಡಸಿನ ದನಿ.

ಮೇಷ್ಟ್ರು ರಿಜಿಸ್ಟರಿನಲ್ಲಿ ‘ಎದ್ದಿದ್ದಾಳೆ’ ಎಂದು ಬರೆದರು. ಅವರಾದರೂ ಏನು ಮಾಡಿಯಾರು? ಫೋಟೊ ಬೇರೆ ಕಳಿಸಬೇಕು.

ಪಾಲಕರ ಸಭೆ ಕರೆಯುವುದು ಡಿಸೆಂಬರಿನಲ್ಲಿ. ಹತ್ತಿ ಬಿಡಿಸುವ ತಿಂಗಳು. ಕೂಲಿ ಬಿಟ್ಟು ಬರುವವರು ಯಾರು? ಹಾಗಾಗಿ ಪಾಲಕರ ಸಭೆಯೆಂದರೆ ನಮ್ಮಲ್ಲಿ ಅಜ್ಜಿಯರ ಸಭೆ. ಸಾಹೇಬರು ಜೀಪಿನಿಂದ ಇಳಿದು, ‘ದಯವಿಟ್ಟು ಮಕ್ಕಳಿಗೆ ಮೊಬೈಲ್ ಕೊಡಬೇಡಿ’ ಎಂದು ಕೈಮುಗಿದರು. ಹಿಂದೆ ಕೂತ ಅಜ್ಜಿ ಎದ್ದು ನಿಂತಿತು. ‘ನಮ್ಮೂರಿಗೆ ಇನ್ನಾ ಕೊಟ್ಟೇ ಇಲ್ರೀ ಯಪ್ಪಾ, ಯಾವಾಗ ಕೊಡ್ತೀರಿ?’ ಅಂತ ಕೇಳಿ, ಸೆರಗಿನ ಗಂಟಿನಿಂದ ಆಧಾರ್ ಕಾರ್ಡೂ ತೆಗೆಯಿತು.

ಇಷ್ಟೆಲ್ಲ ಬರೆಸಿಕೊಳ್ಳುವ ನಮೂನೆಯಲ್ಲಿ ಶಾಲೆಯ ಕುಟುಂಬದ ಸ್ವರೂಪಕ್ಕೆ ಕಾಲಂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಗಣಿತದ ಹುದ್ದೆ ಖಾಲಿ. ಇಂಗ್ಲಿಷಿನವರು ನಿಯೋಜನೆ ಮೇಲೆ ಪೇಟೆಗೆ ಹೋದವರು ಮರಳಿಲ್ಲ, ಅವರದೂ ಒಂಥರಾ ಗುಳೆಯೇ. ವಿಜ್ಞಾನಕ್ಕೆ ಅತಿಥಿ ಶಿಕ್ಷಕರು. ಅತಿಥಿ ಅನ್ನುವುದು ಹೆಸರಿಗೆ, ಸಂಬಳ ಮಾತ್ರ ಯಾವತ್ತು ಬರುತ್ತದೆಂದು ತಿಥಿ ನೋಡಿ ಹೇಳಬೇಕು. ಮನೆಗೊಬ್ಬರೇ ಹಿರಿಯರಿದ್ದರೆ ಅದು ಸಮಸ್ಯಾತ್ಮಕ ಕುಟುಂಬ. ಶಾಲೆಗೊಬ್ಬರೇ ಕಾಯಂ ಮೇಷ್ಟ್ರಿದ್ದರೆ ಅದು ಆಡಳಿತಾತ್ಮಕ ಕಾರಣ.

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಧೊಪ್ಪನೆ ಬಿತ್ತು. ಶೇ. 10 ಇದ್ದ ಕೃಪಾಂಕವನ್ನು 20ಕ್ಕೆ ಏರಿಸಿ, ಎತ್ತಿ ಹಿಡಿದು, ಶೇ. 73.40ಕ್ಕೆ ನಿಲ್ಲಿಸಿದರು. ಆ ವರ್ಷ ಜಿಲ್ಲೆಗಳ ಪಟ್ಟಿಯ ಕೊನೆಗೆ ನಮ್ಮ ನೆರೆಯ ಯಾದಗಿರಿ, ಮರುವರ್ಷ ಕಲಬುರಗಿ. ಅಂದರೆ 2024ರಲ್ಲಿ ಮಕ್ಕಳ ಜೊತೆಗೆ ಇಲಾಖೆಯೂ ಕೃಪಾಂಕದಲ್ಲೇ ಪಾಸಾಯಿತು. ಅದರ ಪಾಲಕರನ್ನು ಮಾತ್ರ ಯಾರೂ ಸಭೆಗೆ ಕರೆಸಲಿಲ್ಲ.