ಅತೃಪ್ತ, ಅನರ್ಹ, ಆಮೇಲೆ ಸಚಿವ

ಮಾತಿಗೆ ನಿಲ್ಲದವರನ್ನು ಬೈಯಲು ನಮ್ಮ ಅಜ್ಜಿಯರ ಹತ್ತಿರ ಬೇಕಾದಷ್ಟು ಸರಕಿತ್ತು. ಗೋಸುಂಬೆ, ಎಡಬಿಡಂಗಿ, ಗಳಿಗೆಗೊಂದು ಬುದ್ಧಿಯವನು, ಅಡ್ಡಗೋಡೆ ಮೇಲೆ ದೀಪ ಇಡೋನು. ನಾಟಿಗೆ ಬರ್ತೀನಿ ಅಂತ ಹೇಳಿ ಕೈಕೊಟ್ಟ ಆಳಿಗೆ ಇಷ್ಟು ಸಾಕು. ಕೈಕೊಟ್ಟವರು ಶಾಸಕರಾಗಿದ್ದರೆ ಮಾತ್ರ ಬೇರೆ ನಿಘಂಟೇ ತೆಗೆಯಬೇಕು.

2019ರ ಜುಲೈ ನೆನಪಿಸಿಕೊಳ್ಳಿ. ಗೆದ್ದ ಪಕ್ಷಕ್ಕೆ ಬೆನ್ನು ತಿರುಗಿಸಿ ಮುಂಬೈನ ಹೋಟೆಲ್‌ನಲ್ಲಿ ಕೂತವರನ್ನು ಟೀವಿಯವರು ಕರೆದದ್ದು ‘ಅತೃಪ್ತರು’ ಎಂದು. ಮದುವೆಮನೆಯಲ್ಲಿ ಹೋಳಿಗೆ ಸಿಗದೆ ಮುನಿಸಿಕೊಂಡ ನೆಂಟರ ಹಾಗೆ! 99-105ರ ವಿಶ್ವಾಸಮತದಲ್ಲಿ ರಾಜ್ಯದ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಉರುಳಿತು. ಸ್ಪೀಕರ್ ಒಟ್ಟು 17 ಮಂದಿಯ ಸದಸ್ಯತ್ವ ಕಿತ್ತರು. ಹೆಸರು ‘ಅನರ್ಹರು’ ಎಂದು ಬದಲಾಯಿತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಅನರ್ಹತೆ ಸರಿಯೇ, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಮರುದಿನವೇ 16 ಮಂದಿಯ ಹೆಗಲಿಗೆ ಬಿಜೆಪಿಯ ಕೇಸರಿ ಶಾಲು. 2020ರ ಫೆಬ್ರುವರಿ ಬರುವಷ್ಟರಲ್ಲಿ ಅವರಲ್ಲಿ 10 ಮಂದಿ ‘ಮಾನ್ಯ ಸಚಿವರು’. ಏಳು ತಿಂಗಳಲ್ಲಿ ಇಷ್ಟು ಬಡ್ತಿ ಯಾವ ಗುಮಾಸ್ತನಿಗೆ ಸಿಕ್ಕಿದೆ ಹೇಳಿ!

ಹೊಸ ಮನೆಯಲ್ಲಿ ಅವರನ್ನು ‘ವಲಸಿಗರು’ ಎಂದೂ ಕರೆದರು. ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವರೂ ವಲಸಿಗರೇ. ಅವರಿಗೆ ರೆಸಾರ್ಟ್ ಬುಕ್ ಮಾಡಿಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ಇದನ್ನೆಲ್ಲ ತಡೆಯಲೆಂದೇ 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಪಕ್ಷದ ಶಾಸಕರಲ್ಲಿ ಮೂರನೇ ಒಂದರಷ್ಟು ಮಂದಿ ಒಟ್ಟಿಗೆ ಹೊರಟರೆ ಅದು ‘ವಿಭಜನೆ’, ತಪ್ಪಲ್ಲ ಎಂದಿತು. 2003ರಲ್ಲಿ ಆ ಕಿಂಡಿ ಮುಚ್ಚಿದರು. ಈಗ ಮೂರನೇ ಎರಡರಷ್ಟು ಮಂದಿ ಬೇಕು, ಅದರ ಹೆಸರು ‘ವಿಲೀನ’. ಒಬ್ಬನೇ ಹಾರಿದರೆ ದ್ರೋಹ, ಊರಿಗೆ ಊರೇ ಹಾರಿದರೆ ಸಿದ್ಧಾಂತ.

ಹಾರಿದವನ ಹೆಸರು ಅವನು ಯಾವ ದಿಕ್ಕಿಗೆ ಹಾರಿದ ಎಂಬುದರ ಮೇಲೆ ನಿಂತಿದೆ. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋದರು, 2024ರ ಜನವರಿಯಲ್ಲಿ ವಾಪಸಾದರು, ಅದೇ ವರ್ಷ ಬೆಳಗಾವಿಯ ಸಂಸದರೂ ಆದರು. ಹೀಗೆ ಹೋಗಿಬರುವವರು ಹೋದಾಗ ಒಂದು ಕಚೇರಿಯಲ್ಲಿ ‘ಅವಕಾಶವಾದಿ’, ಇನ್ನೊಂದರಲ್ಲಿ ‘ಸ್ವಾಭಿಮಾನಿ’. ಬಂದಾಗ ಎರಡೂ ಕಚೇರಿಗಳು ಬೋರ್ಡು ಅದಲುಬದಲು ಮಾಡಿಕೊಳ್ಳುತ್ತವೆ.

ಪತ್ರಿಕಾಗೋಷ್ಠಿಯ ಪಾಠವಂತೂ ಎಲ್ಲರಿಗೂ ಬಾಯಿಪಾಠ. ಸೋಮವಾರ: ‘ಪಕ್ಷ ನನ್ನ ತಾಯಿ ಸಮಾನ.’ ಬುಧವಾರ: ‘ಉಸಿರುಗಟ್ಟುವ ವಾತಾವರಣವಿದೆ, ಆದರೂ ಬಿಡೋ ಪ್ರಶ್ನೆಯೇ ಇಲ್ಲ.’ ಶುಕ್ರವಾರ: ‘ಕಾರ್ಯಕರ್ತರ ಒತ್ತಾಯಕ್ಕೆ ಮಣಿದು, ಕ್ಷೇತ್ರದ ಅಭಿವೃದ್ಧಿಗಾಗಿ...’ ಆ ಕ್ಷೇತ್ರದ ಬಸ್‌ಸ್ಟ್ಯಾಂಡಿಗೆ ಮಾತ್ರ ಇನ್ನೂ ಸೂರಿಲ್ಲ.

ಇಷ್ಟರ ನಡುವೆ, ಪ್ರತಿ ಸಲ ಒಂದೇ ಗುರುತಿಗೆ ಒತ್ತುತ್ತಿದ್ದ ಮತದಾರ ಒಮ್ಮೆ ಪಕ್ಕದ ಗುರುತಿಗೆ ಒತ್ತಿಬಿಟ್ಟ ಅನ್ನಿ. ಸೋತ ಸಾಹೇಬರು ಸಂಜೆಯೇ ಮೈಕ್ ಮುಂದೆ ಬಂದು ನಿಟ್ಟುಸಿರಿಡುತ್ತಾರೆ: ‘ಈ ಜನರನ್ನು ನಂಬೋ ಹಾಗಿಲ್ಲ ಕಣ್ರೀ, ಬರೀ ಗೋಸುಂಬೆಗಳು!’