ಹುಣ್ಣು ಮಾಯಿತು, ಕಾಯಿಲೆ ಮಾಯಲಿಲ್ಲ

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕಾಯಿಲೆ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೆಯದಾಯಿತು. ಆದರೆ 'ಹುಣ್ಣು ಕಂಡರೆ ಡಾಕ್ಟರಿಗೆ ತೋರಿಸಿ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ತೊಂದರೆ ಇರುವುದೇ ಅಲ್ಲಿ. ರೋಗಾಣು ಹೊಕ್ಕ ಜಾಗದಲ್ಲಿ ಮೊದಲು ಏಳುವ ಆ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಎಷ್ಟೋ ಸಲ ಕಣ್ಣಿಗೂ ಬೀಳುವುದಿಲ್ಲ, ಔಷಧಿ ಮಾಡದಿದ್ದರೂ 3ರಿಂದ 6 ವಾರದಲ್ಲಿ ತಾನಾಗಿಯೇ ಮಾಯುತ್ತದೆ, ಆಮೇಲೆ ಯಾರು ತಾನೇ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ ಹೇಳಿ? ರೋಗಾಣು ಮಾತ್ರ ಒಳಗೇ ಇರುತ್ತದೆ. ಮುಂದೆ ಅಂಗೈ, ಅಂಗಾಲಲ್ಲಿ ಕಲೆ ಎದ್ದರೆ ಅಲರ್ಜಿ ಇರಬೇಕು ಅಂತ ಸುಮ್ನೆ ಮುಲಾಮು ಹಚ್ಚಿಕೊಳ್ಳುತ್ತೇವೆ. ಅದೂ ಹೋಗುತ್ತದೆ! ವರ್ಷಗಳ ನಂತರ ಹೃದಯಕ್ಕೋ ಮಿದುಳಿಗೋ ಬಡಿಯಬಹುದು.

ಪತ್ತೆಗೆ ರಕ್ತಪರೀಕ್ಷೆ ಇದೆ. ಬಸುರಿಯರಿಗೆ ವಿಡಿಆರ್‌ಎಲ್ ಅನ್ನುವ ಆ ಪರೀಕ್ಷೆ ಬರೆದುಕೊಡುವುದು ಇದಕ್ಕೇ, ಮಗುವಿಗೂ ಹರಡುತ್ತದಲ್ವಾ. ಶುರುವಲ್ಲೇ ಸಿಕ್ಕರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಒಂದು ಡೋಸ್ ಸಾಕು. ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತದೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಹರಡಬಹುದು.

ಹಳಬರು ಇದನ್ನು ಪರಂಗಿ ಹುಣ್ಣು ಅನ್ನುತ್ತಿದ್ದರು, ತಪ್ಪೆಲ್ಲ ಪರಂಗಿಯವರ, ಅಂದರೆ ಯುರೋಪಿನವರ ತಲೆಗೆ! ಲೈಂಗಿಕ ಕಾಯಿಲೆಗಳನ್ನು ನೋಡುವ, ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ ಬಗ್ಗೆಯೂ ಒಂದು ಸಾಲು ಸೇರಿಸಿ, ನಾಚಿಕೆಯಿಂದ ಮನೆಯಲ್ಲೇ ಕೂತವರಿಗೆ ಉಪಯೋಗಕ್ಕೆ ಬರುತ್ತದೆ.