ಸೈಂಧವ ಲವಣದ ಮೂಟೆ

ಸಾಗರದ ನಮ್ಮ ಮನೆಯಲ್ಲಿ ಅಜ್ಜಿ ಒಂದು ಡಬ್ಬಿ ತುಂಬ ಸೈಂಧವ ಲವಣ ಇಟ್ಟಿರುತ್ತಿದ್ದರು. ಹೊಟ್ಟೆ ಉಬ್ಬರಿಸಿದರೆ ಮಜ್ಜಿಗೆಗೆ ಒಂದು ಚಿಟಿಕೆ. ಏಕಾದಶಿ ದಿನ ಫಲಾಹಾರಕ್ಕೂ ಅದೇ. ಎಲ್ಲಿಂದ ಬರುತ್ತದೆ ಅಂತ ನಾವ್ಯಾರೂ ಕೇಳಿದವರಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ಅಮೃತಸರಕ್ಕೆ ಬಂದ ಮೇಲೆ ಗೊತ್ತಾಯಿತು. ಪಾಕಿಸ್ತಾನದ ಕಡೆಯ ಪಂಜಾಬಿನಲ್ಲಿ ಖೇವ್ರಾ ಅಂತ ದೊಡ್ಡ ಉಪ್ಪಿನ ಗಣಿ ಇದೆ. ಆ ಕಡೆಯ ಈ ಸೈಂಧವ ಲವಣ ಲಾರಿಯಲ್ಲಿ ಬಂದು, ಇಲ್ಲಿಂದ ಹೆಚ್ಚೆಂದರೆ 30 ಕಿಲೋಮೀಟರ್ ದೂರದ ಅಟಾರಿ ಗಡಿಯಲ್ಲಿ ಇಳಿಯುತ್ತಿತ್ತು.

2019ರ ಜೂನ್ ಕೊನೆಗೆ ಅಲ್ಲಿ 600 ಮೂಟೆ ಉಪ್ಪು ಬಂತು. ಕಸ್ಟಮ್ಸ್‌ನವರು ಬಿಚ್ಚಿ ನೋಡಿದರೆ 15 ಮೂಟೆಯಲ್ಲಿ ಉಪ್ಪಿನ ಜೊತೆ ಹೆರಾಯಿನ್. ಒಟ್ಟು 532 ಕೆಜಿ. ಬೆಲೆ 2,700 ಕೋಟಿ ರೂಪಾಯಿ ಅಂತ ಅಂದಾಜು ಹಾಕಿದರು. ಪುಲ್ವಾಮಾ ದಾಳಿಯ ನಂತರ ಪಾಕಿಸ್ತಾನದ ಸರಕಿಗೆ ಶೇಕಡಾ 200 ಸುಂಕ ಹಾಕಿದ್ದ ಕಾಲ ಅದು. ಅಷ್ಟು ಸುಂಕ ಕಟ್ಟಿ ಅಗ್ಗದ ಉಪ್ಪು ತರಿಸುವವರಿಗೆ ಏನು ಲಾಭ ಅಂತ ಲೆಕ್ಕ ಬಲ್ಲ ಯಾರಿಗಾದರೂ ಅನುಮಾನ ಬರಬೇಕಿತ್ತು, ಅಲ್ವಾ?

ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಮುಂದಿನ ವರ್ಷದ ಒಂದು ಚಿಕ್ಕ ಮೊತ್ತ. 2020ರ ಏಪ್ರಿಲ್, ಲಾಕ್‌ಡೌನ್. ಊರಿಗೆ ಊರೇ ಬಾಗಿಲು ಹಾಕಿ ಕೂತಿತ್ತು. ಆಗ ಕಾಶ್ಮೀರದಿಂದ ಲಾರಿಯಲ್ಲಿ ಬಂದ ಒಬ್ಬನನ್ನು ಅಮೃತಸರದಲ್ಲಿ ಪೊಲೀಸರು ಹಿಡಿದರು. ಹಿಜ್ಬುಲ್ ಮುಜಾಹಿದೀನ್ ಅನ್ನುವ ಉಗ್ರ ಸಂಘಟನೆಯವನು ಅಂದರು. ಕೈಯಲ್ಲಿ 29 ಲಕ್ಷ ರೂಪಾಯಿ ನಗದು. ಅದು ಇಲ್ಲಿ ಹೆರಾಯಿನ್ ಮಾರಿ ಬಂದ ದುಡ್ಡು, ಕಾಶ್ಮೀರಕ್ಕೆ ಹೋಗುತ್ತಿತ್ತು ಅನ್ನುವುದು ರಾಷ್ಟ್ರೀಯ ತನಿಖಾ ದಳ ಎನ್‌ಐಎಯ ಆರೋಪ. ಆ ಜಾಲದಲ್ಲಿ ಸಿಕ್ಕಿಬಿದ್ದ ಇಲ್ಲಿನ ಒಬ್ಬನ ಹೆಸರು ಉಪ್ಪಿನ ಮೂಟೆಯ ಕೇಸಿನಲ್ಲೂ ಇತ್ತು.

ನಮ್ಮ ಕೌಂಟರಿನಲ್ಲಿ ದೊಡ್ಡ ಮೊತ್ತದ ನಗದು ಕಟ್ಟಲು ಬಂದ ರೈತನಿಗೆ ಪ್ಯಾನ್ ಕಾರ್ಡ್ ಕೇಳುತ್ತೇವೆ. 10 ಲಕ್ಷ ದಾಟಿದ ನಗದಿಗೆ ದೆಹಲಿಗೆ ವರದಿ ಹೋಗುತ್ತದೆ. ಲಾರಿಯ ಸೀಟಿನ ಕೆಳಗೆ ಹೊರಡುವ ದುಡ್ಡಿಗೆ ಪ್ಯಾನ್ ಕೇಳುವವರು ಯಾರು? ಹೆರಾಯಿನ್ ಹುಟ್ಟುವ ಅಫ್ಘಾನಿಸ್ತಾನದ ಗಸಗಸೆ ಹೊಲದಲ್ಲಿ ಹತ್ತರಲ್ಲೊಂದು ಪಾಲು ತಾಲಿಬಾನಿಗೆ ತೆರಿಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಸಾಗಿಸುವವನು, ಗಡಿ ದಾಟಿಸುವವನು, ಹಂಚುವವನು, ಎಲ್ಲರಿಗೂ ಒಂದೊಂದು ಪಾಲು. ಕೊನೆಗೆ ದುಡ್ಡು ಕೊಡುವವನು ಇಲ್ಲಿ ಯಾವುದೋ ಹಳ್ಳಿಯ ಹುಡುಗ. ಅಮ್ಮನ ಬಳೆ ಮಾರಿ.

ಇಲ್ಲಿ ಹೆರಾಯಿನ್‌ಗೆ ಚಿಟ್ಟಾ ಅನ್ನುತ್ತಾರೆ. ಪಂಜಾಬಿಯಲ್ಲಿ ಬಿಳಿ ಅಂತ ಅರ್ಥ. ಹೊಸದಾಗಿ ಬಂದಾಗ ನಾನು ಚಿಟ್ಟೆ ಅಂದುಕೊಂಡಿದ್ದೆ. ಈಗ ನಗು ಬರುವುದಿಲ್ಲ.

ಬೆಂಗಳೂರಿನ ಭಾವ ಫೋನ್ ಮಾಡಿದಾಗೆಲ್ಲ ಒಂದೇ ಮಾತು: "ಅಲ್ಲಿ ಹುಡುಗರೆಲ್ಲ ನಶೆಯಲ್ಲೇ ಇರ್ತಾರಂತಲ್ಲ ಮಾರಾಯ, ಹುಷಾರು." ನಮ್ಮ ಕಡೆ ಏನೂ ಇಲ್ಲವೇನೋ ಅನ್ನುವ ಹಾಗೆ! 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ 37 ಕೆಜಿ ಎಂಡಿಎಂಎ ಅನ್ನುವ ಮಾದಕ ವಸ್ತು ಹಿಡಿದರು. 75 ಕೋಟಿಯ ಮಾಲು. ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಓಡಾಡಿದ್ದು ಸಿಕ್ಕಿಬಿದ್ದ ಇಬ್ಬರು ಹೆಂಗಸರು ಯಾವ ದೇಶದವರು ಅನ್ನುವುದೊಂದೇ. ಆ ದುಡ್ಡು ಕೊನೆಗೆ ಯಾರ ಕೈ ಸೇರುತ್ತಿತ್ತು ಅಂತ ಒಬ್ಬರೂ ಕೇಳಲಿಲ್ಲ. ನಮಗೆ ಡ್ರಗ್ಸ್ ಅಂದರೆ ಸಿನಿಮಾದವರ ಪಾರ್ಟಿ, ದುಡ್ಡಿದ್ದವರ ಮಕ್ಕಳ ತೆವಲು. ನಮ್ಮದೇ ಮನೆಯ ಹುಡುಗನಾದರೆ "ಸ್ವಲ್ಪ ಹುಷಾರಿಲ್ಲ, ಅತ್ತೆ ಮನೆಯಲ್ಲಿದ್ದಾನೆ".

ಇಲ್ಲಿ ಮುಚ್ಚಿಡುವ ಹಂತ ದಾಟಿ ಹೋಗಿದೆ. 2017ರಿಂದ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಚಟ ಬಿಡಿಸಲು ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಡುತ್ತಾರೆ. ಜನರ ಬಾಯಲ್ಲಿ ಅದು 'ಜೀಭ್ ವಾಲಿ ಗೋಲಿ'. ಅಪ್ಪಂದಿರೇ ಮಗನನ್ನು ಸ್ಕೂಟರಿನಲ್ಲಿ ಕರೆತಂದು ಸಾಲಿನಲ್ಲಿ ನಿಲ್ಲಿಸುತ್ತಾರೆ. ನಮ್ಮ ಬ್ರಾಂಚಿಗೆ ಬರುವ ಒಬ್ಬರು "ಗೋಲಿ ತಗೊಂಡು ಬಂದೆವು" ಅಂತ ಸುಮ್ನೆ ಹೇಳಿ ಪಾಸ್‌ಬುಕ್ ಚಾಚುತ್ತಾರೆ. ಇದನ್ನು ಮಾತ್ರ ನಾವು ಕಣ್ಣುಮುಚ್ಚಿ ಕಲಿಯಬಹುದು ಅನಿಸುತ್ತದೆ.

ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಮಾದಕ ವಸ್ತುಗಳ ಕಾನೂನು ಎರಡೂ ಕಡೆ ಒಂದೇ, 1985ರದ್ದು. ಹೆರಾಯಿನ್ ಸೇದಿದವನಿಗೆ ಒಂದು ವರ್ಷದವರೆಗೆ ಜೈಲು. ಈ ದಂಧೆಗೆ ದುಡ್ಡು ಹಾಕಿದವನಿಗೆ 10ರಿಂದ 20 ವರ್ಷ. ನಾನು ದಿನಾ ಓದುವ ಪೇಪರಿನಲ್ಲಿ ಮೊದಲನೆಯವನ ಫೋಟೋವೇ ಜಾಸ್ತಿ. ಎರಡನೆಯವನು ಅಪರೂಪ.

ಹಾಗಂತ ಸಿಕ್ಕಿದ ಮಾಲಿಗೆಲ್ಲ ಭಯೋತ್ಪಾದನೆಯ ಚೀಟಿ ಅಂಟಿಸುವುದೂ ನನಗೆ ಇಷ್ಟವಿಲ್ಲ. 2021ರಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಪುಡಿಯ ಹೆಸರಲ್ಲಿ ಬಂದ ಸುಮಾರು 3,000 ಕೆಜಿ ಹೆರಾಯಿನ್ ಸಿಕ್ಕಿತು. ಹಣ ಲಷ್ಕರ್‌ಗೆ ಅಂತ ಎನ್‌ಐಎ ವಾದ. 2025ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸಿನ ಒಬ್ಬನಿಗೆ ಜಾಮೀನು ಕೊಡಲಿಲ್ಲ. ಆದರೆ ಭಯೋತ್ಪಾದನೆಯ ಮಾತು ಈ ಹಂತದಲ್ಲಿ ಅವಸರದ್ದು ಅಂತಲೂ ಹೇಳಿತು. ದುಡ್ಡಿನ ಜಾಡು ಹಿಡಿದು ಕೊನೆ ಮುಟ್ಟಿಸುವ ತನಕ ಅದು ಬರೀ ಹೇಳಿಕೆ. ಬ್ಯಾಂಕಿನವನಾಗಿ ಇಷ್ಟಾದರೂ ಹೇಳಬಲ್ಲೆ: ಆ ಜಾಡು ಹಿಡಿಯುವುದು ಬೇಸರದ, ನಿಧಾನದ ಕೆಲಸ. ಅದಕ್ಕೆ ಟಿವಿ ಕ್ಯಾಮೆರಾ ಬರುವುದಿಲ್ಲ.

ನಮ್ಮ ಮನೆ ಮಾಲೀಕ ಸರದಾರ್‌ಜಿಯ ತಮ್ಮನಿಗೆ ಗಡಿಯಲ್ಲಿ ಹೊಲವಿದೆ. ಅರ್ಧ ಬೇಲಿಯ ಈಚೆ, ಅರ್ಧ ಆಚೆ; ಆಚೆಯದೂ ನಮ್ಮ ದೇಶದ ನೆಲವೇ. ಆಚೆ ಹೋಗಲು ಬಿಎಸ್‌ಎಫ್‌ನವರು ಗೇಟ್ ತೆರೆಯುವ ಹೊತ್ತಿಗೆ ಕಾರ್ಡ್ ಹಿಡಿದು ನಿಲ್ಲಬೇಕು. ಮೊದಲೆಲ್ಲ ಬೇಲಿಯ ತಂತಿ ನಡುವೆ ಪಿವಿಸಿ ಪೈಪ್ ತೂರಿಸಿ ಮಾಲು ತಳ್ಳುತ್ತಿದ್ದರಂತೆ. ಈಗ ಡ್ರೋನ್. 2019ರ ಸೆಪ್ಟೆಂಬರ್‌ನಲ್ಲಿ ಪಕ್ಕದ ತರನ್ ತಾರನ್ ಜಿಲ್ಲೆಯಲ್ಲಿ ಡ್ರೋನ್ ಇಳಿಸಿದ್ದು ಎಕೆ-47 ಮತ್ತು ಖೋಟಾ ನೋಟು. ಅದೇ ದಾರಿಯಲ್ಲಿ ಪುಡಿಯೂ ಬರುತ್ತದೆ.

ಹೋದ ತಿಂಗಳು ಅವರ ಭತ್ತದ ಗದ್ದೆಯಲ್ಲಿ ಹಳದಿ ಟೇಪ್ ಸುತ್ತಿದ ಒಂದು ಪೊಟ್ಟಣ ಬಿದ್ದಿತ್ತು. ಮುಟ್ಟದೆ ಫೋನ್ ಮಾಡಿದರು. ಹೇಳಿಕೆ ಕೊಟ್ಟು ಮುಗಿಸುವ ಹೊತ್ತಿಗೆ ಗೇಟ್ ಮುಚ್ಚಿತ್ತು. ಆಚೆ ಹೊಲಕ್ಕೆ ಗೊಬ್ಬರ ಹಾಕಲಾಗಲಿಲ್ಲ, ಆಳುಗಳ ಕೂಲಿ ದಂಡ ಅಂತ ಅವರು ಬೈದುಕೊಂಡರು. ಇದನ್ನು ಭಾವನಿಗೆ ಹೇಳಿದೆ.

"ಆ ಪೊಟ್ಟಣಕ್ಕೆ ಎಷ್ಟು ಬೆಲೆ ಇರಬಹುದು?" ಅಂತ ಕೇಳಿದರು.